ತಿದ್ದುವ ಮೊದಲಿನ ಪುಟ

ನನ್ನ ಓದು ಎಸ್ಸೆಸ್ಸೆಲ್ಸಿಗೆ ಮುಗಿಯಿತು. ಅದರ ಮೇಲೆ ನಲವತ್ತು ವರ್ಷ ದುಡಿದೆ. ಮೊದಲು ಸಿಂಧನೂರಿನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದೆ, ಆಮೇಲೆ ಲಿಂಗಸುಗೂರಿನ ಒಂದು ಸಂಸ್ಥೆಯಲ್ಲಿ ಕಂಪ್ಯೂಟರಿನ ಮುಂದೆ ಕೂತೆ, ಕೊನೆಗೆ ಮಸ್ಕಿಯಲ್ಲಿ ಸ್ವಂತ ಡಿಟಿಪಿ ಅಂಗಡಿ ನಡೆಸಿದೆ. ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಹಾಗೆಂದು ಹೇಳಲು ನನಗೆ ಸಂಕೋಚವಿಲ್ಲ. ಈಗ ಮೊಬೈಲಿನಲ್ಲೇ ಪುಟ ಕಟ್ಟಿ ಲೋಕಕ್ಕೆ ಬಿಡುವ ಹುಡುಗ ಹುಡುಗಿಯರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಕೆಲಸ ಕಲಿತವನು ಎಂಥ ತಪ್ಪು ಮಾಡಬಲ್ಲ, ಅದನ್ನು ಎಷ್ಟು ಸಲೀಸಾಗಿ ಮುಚ್ಚಬಲ್ಲ ಎಂಬುದು ನಿಮಗೆ ಗೊತ್ತಿರಬೇಕು. ನಾನು ಮುಚ್ಚಿದವನು. ಇಪ್ಪತ್ತೈದು ವರ್ಷ ಮುಚ್ಚಿಟ್ಟಿದ್ದೆ.

ಎಂಬತ್ತರ ದಶಕದ ಆರಂಭದಲ್ಲಿ ಸಿಂಧನೂರಿನಲ್ಲಿ ಅಚ್ಚಿನ ಕೆಲಸಕ್ಕೆ ಕೊರತೆಯಿರಲಿಲ್ಲ. ಕಾಲುವೆ ನೀರು ಬಂದು ಭತ್ತ ಬಂದಿತ್ತು, ಭತ್ತದ ಹಿಂದೆ ಗೊಬ್ಬರದ ಅಂಗಡಿ, ರೈಸ್ ಮಿಲ್ಲು, ಆಂಧ್ರದಿಂದ ಬಂದವರ ಕ್ಯಾಂಪುಗಳು, ಟೂರಿಂಗ್ ಟಾಕೀಸು ಎಲ್ಲ ಬಂದಿದ್ದವು. ಎಲ್ಲರಿಗೂ ಹ್ಯಾಂಡ್‌ಬಿಲ್ಲು ಬೇಕು, ಲಗ್ನಪತ್ರಿಕೆ ಬೇಕು. ನಮ್ಮ ಪ್ರೆಸ್ಸಿನ ಮಾಲೀಕರು ಖಾದರ್ ಸಾಹೇಬರು. ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ, ಬೆರಳಿಗೆ ಯಾವಾಗಲೂ ಕಪ್ಪು ಶಾಯಿ. ನನಗೆ ಮೊಳೆ ಹಿಡಿಯಲು ಕಲಿಸಿದವರು ಅವರೇ.

ಸೀಸದ ಮೊಳೆಯಲ್ಲಿ ಅಕ್ಷರ ತಿರುಗಾಮುರುಗಾ ಇರುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಆರು ತಿಂಗಳಲ್ಲಿ ನಾನು ತಿರುಗಿದ ಅಕ್ಷರವನ್ನು ನೇರ ಅಕ್ಷರದಷ್ಟೇ ವೇಗವಾಗಿ ಓದುವವನಾದೆ. ಅಚ್ಚು ಮುಗಿದ ಮೇಲೆ ಮೊಳೆಗಳನ್ನು ಬಿಡಿಸಿ, ಅವುಗಳ ಖಾನೆಗೆ ವಾಪಸ್ ಹಾಕಬೇಕು. ಬಿಡಿಸಿದ ಮೇಲೆ ನಿನ್ನೆಯ ಪುಟ ಇಲ್ಲ. ಅದೇ ಮೊಳೆ ಇವತ್ತು ಒಬ್ಬನ ಲಗ್ನಕ್ಕೆ, ನಾಳೆ ಇನ್ನೊಬ್ಬನ ತಿಥಿಗೆ. ಹಳೆಯದು ಉಳಿಯುವುದಿಲ್ಲ ಎಂಬ ಭಾವನೆ ನನ್ನ ಕೈಗೆ ಅಂಟಿದ್ದು ಅಲ್ಲಿಯೇ.

ಆದರೆ ಲಗ್ನಸರಾಯಿಯಲ್ಲಿ ಪೂರ್ತಿ ಬಿಡಿಸುತ್ತಿರಲಿಲ್ಲ. ಲಗ್ನಪತ್ರಿಕೆಯ ಒಕ್ಕಣೆ ಎಲ್ಲರದ್ದೂ ಒಂದೇ. ಅದನ್ನು ಕಟ್ಟಿದ ಹಾಗೆಯೇ ನಿಲ್ಲಿಸಿಕೊಂಡು ವಧುವರರ ಹೆಸರು, ತಿಥಿ, ಊರು ಮಾತ್ರ ತೆಗೆದು ಬೇರೆ ಹಾಕುತ್ತಿದ್ದೆವು. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಆಗುತ್ತಿತ್ತು. ನನಗೆ ಅದರಲ್ಲಿ ಬಹಳ ಹೆಮ್ಮೆ.

ಆ ಹೆಮ್ಮೆಯಲ್ಲೇ ಒಮ್ಮೆ ಸಿಕ್ಕಿಬಿದ್ದೆ. ಮಸ್ಕಿಯ ಒಂದು ಮನೆಯ ಲಗ್ನ. ಹಿಂದಿನ ಪತ್ರಿಕೆ ಬಳಗಾನೂರಿನದು. ಹೆಸರು ಬದಲಿಸಿದೆ, ತಿಥಿ ಬದಲಿಸಿದೆ, ಊರು ಬದಲಿಸಲಿಲ್ಲ. ಪತ್ರಿಕೆ ಹಂಚಿಯೂ ಆಯಿತು. ಲಗ್ನ ಮಸ್ಕಿಯಲ್ಲಿ, ಪತ್ರಿಕೆಯಲ್ಲಿ ಬಳಗಾನೂರು. ಲಗ್ನದ ಹಿಂದಿನ ದಿನ ಹುಡುಗಿಯ ಸೋದರಮಾವ ಪ್ರೆಸ್ಸಿಗೆ ಬಂದು ಕೂಗಾಡಿದ. ಸಾಹೇಬರು ಅವನನ್ನು ಕೂರಿಸಿ ಚಹಾ ತರಿಸಿ, ನನ್ನ ಕಡೆ ತಿರುಗಿದರು.

"ಲೇ ಮಲ್ಲ್ಯಾ, ಗಲ್ತಿ ಯಾರದು?"

"ನಂದಾರೀ."

"ಗಲ್ತಿ ಎಲ್ಲೈತಿ?"

"ಪತ್ರಿಕ್ಯಾಗ ರೀ."

"ಪತ್ರಿಕ್ಯಾಗ ಇಲ್ಲಲೇ, ಬಳಗಾನೂರಾಗ ಐತಿ. ಮಂದಿ ನಾಳೆ ಅಲ್ಲೇ ಇಳೀತಾರ. ನೀ ಮುಂಜಾನೆ ಮೊದಲನೇ ಬಸ್ಸಿಗೆ ಹೋಗಿ ಅಲ್ಲಿ ನಿಂದ್ರು. ಇಳಿದಾವ್ರಿಗೆಲ್ಲಾ ಹೇಳು, ಇದು ನನ್ನ ಗಲ್ತಿ, ಲಗ್ನ ಮಸ್ಕ್ಯಾಗ ಐತಿ ಅಂತ. ಬಾಯಿ ಮುಚ್ಚಿಗೊಂಡು ನಿಂತೀ ಅಂದ್ರ ನನ್ನ ಪ್ರೆಸ್ಸಿಗೆ ಕಾಲಿಡಬ್ಯಾಡ."

ನಿಂತೆ. ಹೊಸ ಸೀರೆಯ ಮುದುಕಿಯರು, ಉಡುಗೊರೆಯ ಹಂಡೆ ಹೊತ್ತವರು, ಇಳಿದವರೆಲ್ಲ ನನ್ನನ್ನು ಬೈದರು. ಒಬ್ಬಾಕೆ ಹಂಡೆಯನ್ನು ನನ್ನ ತಲೆಯ ಮೇಲಿಟ್ಟು, "ಹಂಗಾರ ನೀನ ಹೊತ್ತುಕೊಂಡು ಬಾ ಮಸ್ಕೀತನಕ" ಎಂದಳು. ಬಸ್ಸಿನ ಮಂದಿಯೆಲ್ಲ ನಕ್ಕರು. ಮಧ್ಯಾಹ್ನದ ಹೊತ್ತಿಗೆ ನನಗೇ ನಗು ಬರತೊಡಗಿತು. ಸಂಜೆ ಪ್ರೆಸ್ಸಿಗೆ ಹೋದಾಗ ಎದೆ ಹಗುರಾಗಿತ್ತು. ತಪ್ಪು ಇರುವಲ್ಲಿಗೇ ಹೋಗಿ ನಿಂತರೆ ತಪ್ಪು ಒಂದು ದಿನದಲ್ಲಿ ತೀರುತ್ತದೆ ಎಂದು ಆವತ್ತು ಕಲಿತೆ. ಕಲಿತಿದ್ದನ್ನು ಮುಂದೆ ಬೇಕಾದಾಗ ಬಳಸಲಿಲ್ಲ.

ತೊಂಬತ್ತರ ದಶಕದಲ್ಲಿ ಮೊಳೆಯ ಕಾಲ ಮುಗಿಯಿತು. ಸಾಹೇಬರು ಸೀಸವನ್ನು ತೂಕಕ್ಕೆ ಹಾಕುವ ದಿನ ಒಂದೊಂದು ಮೊಳೆ ಎತ್ತಿ ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದರು. ನಾನು ರಾಯಚೂರಿನಲ್ಲಿ ಡಿಟಿಪಿ ಕಲಿತು ಬಂದೆ. ಸ್ವಲ್ಪ ದಿನಕ್ಕೆ ಲಿಂಗಸುಗೂರಿನ ಒಂದು ಸ್ವಯಂಸೇವಾ ಸಂಸ್ಥೆಯವರು ಕೆಲಸಕ್ಕೆ ಕರೆದರು. ಹಳ್ಳಿಯ ಹೆಂಗಸರಿಗೆ ಸಂಘ ಕಟ್ಟುವುದು, ದೊಡ್ಡವರಿಗೆ ಅಕ್ಷರ ಕಲಿಸುವುದು, ದನಕರುಗಳಿಗೆ ನಾಟಿ ಮದ್ದು ತಿಳಿಸುವುದು ಅವರ ಕೆಲಸ. ನಡೆಸುತ್ತಿದ್ದವರು ನಿರ್ಮಲಾ ಮೇಡಂ. ಧಾರವಾಡ ಕಡೆಯವರು, ಖಾದಿ ಸೀರೆ, ಮಾತು ಕಡಿಮೆ. ತಮ್ಮ ಊಟದ ಡಬ್ಬಿಯನ್ನು ಎಲ್ಲರ ಜೊತೆ ಹಂಚಿಕೊಳ್ಳುತ್ತಿದ್ದರು. ನನ್ನನ್ನು ಅವರು ಪೂರ್ತಿ ನಂಬಿದ್ದರು. ಈ ಕಥೆಯಲ್ಲಿ ಅವರ ತಪ್ಪು ಯಾವುದೂ ಇಲ್ಲ.

ಆಗಿನ ಕನ್ನಡ ಕಂಪ್ಯೂಟರಿನ ಸ್ಥಿತಿ ಈಗಿನವರಿಗೆ ಗೊತ್ತಿಲ್ಲ. ಒಬ್ಬೊಬ್ಬರ ಫಾಂಟು ಒಂದೊಂದು. ನಮ್ಮ ಫಾಂಟು ಇಲ್ಲದ ಯಂತ್ರದಲ್ಲಿ ನಮ್ಮ ಫೈಲು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ, ಡಾಲರು ಗುರುತು, ಎಲ್ಲ ಕಲಸಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಒಮ್ಮೆ ಅಕ್ಷರದ ತರಗತಿಯ ಪುಸ್ತಕದ ಫ್ಲಾಪಿ ಹಿಡಿದು ರಾಯಚೂರಿನ ಪ್ರೆಸ್ಸಿಗೆ ಹೋದೆ. ಅಲ್ಲಿ ಫಾಂಟು ಇರಲಿಲ್ಲ. ಆಪರೇಟರು ಪರದೆ ತೋರಿಸಿ ನಕ್ಕ.

"ಏನ್ರೀ ಇದು, ಕೋಳಿ ಕೆದರಿದಂಗೈತಿ?"

"ನೀ ಹೊಡೀತಾ ಹೋಗಪಾ, ನಾ ಓದ್ತೀನಿ" ಎಂದೆ.

ಕೋಳಿ ಕೆದರಿದ್ದನ್ನೇ ನೋಡುತ್ತ ನಲವತ್ತು ಪುಟ ಓದಿ ಹೇಳಿದೆ. ಯಾವ ಕನ್ನಡ ಅಕ್ಷರದ ಜಾಗಕ್ಕೆ ಯಾವ ಗುರುತು ಬೀಳುತ್ತದೆ ಎಂಬುದು ಅಷ್ಟು ಹೊತ್ತಿಗೆ ನನಗೆ ಬಾಯಿಪಾಠವಾಗಿತ್ತು. ತಿರುಗಿದ ಮೊಳೆ ಓದಿದವನಿಗೆ ಇದೇನು ದೊಡ್ಡದು? ಆಪರೇಟರು ಎದ್ದು ನಿಂತು ನಮಸ್ಕಾರ ಮಾಡಿದ. ನನಗಿದ್ದ ಈ ವಿದ್ಯೆಯೇ ಮುಂದೆ ನನ್ನನ್ನು ಸಾಕ್ಷಿಕಟ್ಟೆಗೆ ಹತ್ತಿಸುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ತೊಂಬತ್ತರ ದಶಕದ ಕೊನೆಗೆ ಸಂಸ್ಥೆಗೆ ಫೋನ್ ಲೈನಿನ ಮೇಲೆ ಇಂಟರ್ನೆಟ್ಟು ಬಂತು. ಮೋಡೆಮ್ಮು ಕಿರಿಚಿ, ಕೆಮ್ಮಿ, ಮೂರು ಸಲ ಕಡಿದು ನಾಲ್ಕನೇ ಸಲ ಹತ್ತುತ್ತಿತ್ತು. ಮೇಡಂ ಒಂದು ವೆಬ್‌ಸೈಟ್ ಮಾಡಿಸಿದರು. ನಾನು ಎರಡು ವಾರ ಕಲಿತು ಪುಟ ಕಟ್ಟತೊಡಗಿದೆ. ಹಸಿರು ಹಿನ್ನೆಲೆ, ಮೇಲೆ ಸಂಘದ ಹೆಂಗಸರ ಫೋಟೋ, ಕೆಳಗೆ ನಾಟಿ ಮದ್ದಿನ ಪುಟಗಳ ಪಟ್ಟಿ. ಒಂದೊಂದು ಪುಟವನ್ನು ದೊಡ್ಡಕ್ಷರದಲ್ಲಿ ಹಾಳೆಯ ಮೇಲೂ ತೆಗೆದು ಹಳ್ಳಿಯ ಹಿಟ್ಟಿನ ಗಿರಣಿಗಳ ಗೋಡೆಗೆ ಅಂಟಿಸುತ್ತಿದ್ದೆವು. ಹಿಟ್ಟು ಬೀಸಿಸಲು ಹೆಂಗಸರೇ ಬರುವವರು. ಸರದಿ ಕಾಯುತ್ತ, ಕಲಿತ ಅಕ್ಷರ ಕೂಡಿಸಿ ಓದಲಿ ಎಂದು ಮೇಡಂ ಹೂಡಿದ ಉಪಾಯ. ಹಾಳೆಯ ಅಡಿಯಲ್ಲಿ ಸೈಟಿನ ವಿಳಾಸವನ್ನೂ ಹಾಕುತ್ತಿದ್ದೆ. ಅದು ನನ್ನ ಜಂಬ.

ಮದ್ದು ಹೇಳಿದವನು ಗುರುಗುಂಟಾದ ಅಮರಪ್ಪ, ಕುರಿ ಕಾಯುವವನು. ನಾನು ಟೇಪ್ ರೆಕಾರ್ಡರ್ ಹಿಡಿದು ಅವನ ಹಿಂಡಿನ ಹಿಂದೆ ಎರಡು ದಿನ ನಡೆದೆ. ಹೊಟ್ಟೆಯ ಜಂತುಹುಳಕ್ಕೆ ಅವನು ಒಂದು ಕಹಿ ಬೇರಿನ ಕಷಾಯ ಹೇಳಿದ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಒಮ್ಮೆ ಬರೆದು ಕೆಟ್ಟಿದ್ದೇನೆ.

"ಎಮ್ಮಿಗೂ ಇದ, ಕುರಿಗೂ ಇದ. ಅಳತಿ ಮಾತ್ರ ಬ್ಯಾರೆ" ಎಂದ ಅಮರಪ್ಪ. "ಎಮ್ಮಿಗೆ ಒಂದು ಗೊಟ್ಟ ತುಂಬ. ಕುರಿಗೆ ಅಂಗೈ ಕುಳಿಯಷ್ಟ. ಹೆಚ್ಚಾತಂದ್ರ ಕುರಿ ಉಳಿಯಂಗಿಲ್ಲ ನೋಡು."

ಗೊಟ್ಟ ಎಂದರೆ ದನಕ್ಕೆ ಮದ್ದು ಕುಡಿಸುವ ಬಿದಿರಿನ ಕೊಳವೆ. ಅಂಗೈ ಕುಳಿ ಎಂದರೆ ಅಂಗೈ ಸ್ವಲ್ಪ ಮಡಿಚಿದಾಗ ನಡುವೆ ನಿಲ್ಲುವಷ್ಟು. ಅವನು ತನ್ನ ಅಂಗೈಗೆ ನೀರು ಹಾಕಿ ತೋರಿಸಿದ.

ಎಮ್ಮೆಯ ಪುಟ ಮೊದಲು ಕಟ್ಟಿದೆ. ಕುರಿಯ ಪುಟಕ್ಕೆ ಬಂದಾಗ ಲಗ್ನಪತ್ರಿಕೆಯ ಹಳೆಯ ಕೈ ಕೆಲಸ ಮಾಡಿತು. ಎಮ್ಮೆಯ ಪುಟವನ್ನೇ ನಕಲು ಮಾಡಿಕೊಂಡು ಎಮ್ಮೆ ಇದ್ದಲ್ಲಿ ಕುರಿ ಹಾಕುತ್ತ ಹೋದೆ. ಬೇರು ಅದೇ, ಕುದಿಸುವ ರೀತಿ ಅದೇ. ಅಳತೆಯ ಸಾಲಿಗೆ ಬರುವಷ್ಟರಲ್ಲಿ ಮೋಡೆಮ್ಮು ಹತ್ತಿತು. ಹತ್ತಿದಾಗ ಪುಟ ಏರಿಸಿಬಿಡಬೇಕು, ಇಲ್ಲದಿದ್ದರೆ ಮತ್ತೆ ಅರ್ಧ ದಿನ. ಏರಿಸಿಬಿಟ್ಟೆ. ಪ್ರೆಸ್ಸಿನಲ್ಲಾಗಿದ್ದರೆ ಒಬ್ಬ ಮೂಲ ಓದಿ, ಇನ್ನೊಬ್ಬ ಪ್ರೂಫು ನೋಡುತ್ತಿದ್ದ. ಇಲ್ಲಿ ನಾನೇ ಇಬ್ಬರೂ ಆಗಿದ್ದೆ. ಕುರಿಯ ಪುಟದಲ್ಲಿ "ಒಂದು ಗೊಟ್ಟ ತುಂಬ" ಎಂದೇ ಉಳಿಯಿತು. ಅದೇ ಹಾಳೆ ಗಿರಣಿಗಳ ಗೋಡೆಗೂ ಹೋಯಿತು.

ಸುಮಾರು ಒಂದೂವರೆ ತಿಂಗಳು ಕಳೆದಿರಬೇಕು. ಒಂದು ಮುಂಜಾನೆ ಸಂತೆಕಲ್ಲೂರಿನ ದೇವಮ್ಮ ಆಫೀಸಿಗೆ ಬಂದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಗಂಡ ಇಲ್ಲ, ಒಂಬತ್ತು ಕುರಿ ಮತ್ತು ಕೂಲಿಯ ಮೇಲೆ ಮಗಳನ್ನು ಸಾಕುತ್ತಿದ್ದಳು. ಅಕ್ಷರದ ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದವಳು. ಬಸ್ಸಿನ ಬೋರ್ಡು ಓದಿ ಬೇರೆ ಹೆಂಗಸರನ್ನು ಹತ್ತಿಸುತ್ತಿದ್ದಳು, ಅದಕ್ಕೆ ಊರಿನಲ್ಲಿ ಅವಳನ್ನು ಕಂಡಕ್ಟರ್ ದೇವಮ್ಮ ಎಂದು ಚೇಷ್ಟೆ ಮಾಡುತ್ತಿದ್ದರು. ಆವತ್ತು ಅವಳು ಕೂರಲಿಲ್ಲ. ಸೆರಗಿನಿಂದ ಬಿದಿರಿನ ಗೊಟ್ಟ ತೆಗೆದು ನನ್ನ ಕೀಬೋರ್ಡಿನ ಪಕ್ಕ ಇಟ್ಟಳು.

"ಇದರಾಗ ತುಂಬಿ ಕೊಡ್ರಿ ಅಂತ ಬರ್ದೀರಿ. ಕೊಟ್ಟೀನಿ. ಐದು ಕುರಿ ಸತ್ತಾವು."

"ಗೊಟ್ಟ ಅಂತ ಎಲ್ಲೈತಿ ಅಕ್ಕಾ?"

"ನಿಮ್ಮ ಹಾಳ್ಯಾಗ. ನಾನಽ ಓದೀನಿ. ಒಂದು ಸಲ ಅಲ್ಲ, ಮೂರು ಸಲ ಓದೀನಿ."

ಮೇಡಂ ರಾಯಚೂರಿಗೆ ಹೋಗಿದ್ದರು. ಅವರು ಬರಲಿ, ನೋಡೋಣ ಎಂದು ಹೇಳಿ ದೇವಮ್ಮನನ್ನು ಕಳುಹಿಸಿ ಫೈಲು ತೆರೆದೆ. ಅಳತೆಯ ಸಾಲು ಕಂಡಿತು. ಆ ಕ್ಷಣ ನನಗೆ ಬಳಗಾನೂರಿನ ಬಸ್ ನಿಲ್ದಾಣ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಆದರೆ ಆಗ ನಾನು ಇಪ್ಪತ್ತರ ಹುಡುಗ, ಈಗ ಕಂಪ್ಯೂಟರ್ ಮಲ್ಲಪ್ಪ. ಹಳ್ಳಿಗೆ ಹೋದರೆ ಕುರ್ಚಿ ಹಾಕುತ್ತಿದ್ದರು. ಹಂಡೆ ಹೊರುವುದು ಬೇಡವೆನಿಸಿತು. ಗೊಟ್ಟ ಅಳಿಸಿ ಅಂಗೈ ಕುಳಿ ಎಂದು ಹೊಡೆದೆ. ಫೋನು ಹಚ್ಚಿದೆ. ಆವತ್ತು ಮೋಡೆಮ್ಮು ಮೊದಲ ಸಲಕ್ಕೇ ಹತ್ತಿತು. ಹಳೆಯ ಪುಟದ ಮೇಲೆ ಹೊಸ ಪುಟ ಕೂತಿತು, ಮೊಳೆ ಬಿಡಿಸಿದಷ್ಟು ಸುಲಭ. ಹೊಸ ಹಾಳೆ ತೆಗೆದುಕೊಂಡು ಮಧ್ಯಾಹ್ನವೇ ಬಸ್ಸು ಹತ್ತಿ ನಾಲ್ಕು ಊರಿನ ಗಿರಣಿಗಳಲ್ಲಿ ಹಳೆಯದನ್ನು ಕಿತ್ತು ಹೊಸದು ಅಂಟಿಸಿದೆ. "ಹರದಿತ್ತು, ಬ್ಯಾರೆ ಹಚ್ಚಾಕತ್ತೀನಿ" ಎಂದೆ. ಸಂತೆಕಲ್ಲೂರಿನ ಗಿರಣಿಯವನಿಗೆ ಓದು ಬರುತ್ತಿರಲಿಲ್ಲ. ಅವನು ತಲೆ ಎತ್ತಿ ನೋಡಲೂ ಇಲ್ಲ.

ಸಂಜೆ ಮೇಡಂ ಬಂದರು. ವಿಷಯ ಕೇಳಿ ಅವರ ಮುಖ ಇಳಿಯಿತು. "ಮಲ್ಲಪ್ಪ, ಹಾಳ್ಯಾಗ ನಮ್ಮದೇನರ ತಪ್ಪಾಗೇತೇನು? ಆಗಿದ್ರ ಹೇಳ್ರಿ, ಹೋಗಿ ಒಪ್ಪಿಕೊಳ್ಳೋಣ."

"ಇಲ್ರಿ ಮೇಡಂ. ನೋಡ್ರಿ ಬೇಕಾರ" ಎಂದು ಪರದೆ ತೋರಿಸಿದೆ.

ಎರಡು ದಿನದ ಮೇಲೆ ಸಂತೆಕಲ್ಲೂರಿನ ಕಟ್ಟೆಗೆ ಹಿರಿಯರು ಕೂಡಿದರು. ಗುರುಗುಂಟಾದಿಂದ ಅಮರಪ್ಪನೂ ಬಂದ. ತಾನು ಅಂಗೈ ಕುಳಿ ಎಂದೇ ಹೇಳಿದ್ದು, ಬೇಕಾದರೆ ಟೇಪು ಹಚ್ಚಿ ಕೇಳಿ ಎಂದ. ಟೇಪಿನ ಮೇಲೆ ಆಗಲೇ ಬೇರೆ ಹಾಡು ತುಂಬಿದ್ದೆವು. ಗಿರಣಿಯ ಗೋಡೆಯ ಹಾಳೆಯನ್ನು ಕಿತ್ತು ತಂದರು. ಹಿರಿಯನೊಬ್ಬ ಅದನ್ನು ದೇವಮ್ಮನ ಕೈಗೆ ಕೊಟ್ಟ.

"ಓದಬೇ ಕಂಡಕ್ಟ್ರವ್ವಾ. ಎಲ್ಲಾರಿಗೂ ಕೇಳ್ಲಿ."

ಅವಳು ಬೆರಳಿಟ್ಟು ಓದಿದಳು. "ಅಂ-ಗೈ... ಕು-ಳಿ..." ಅಲ್ಲಿಗೆ ನಿಂತಳು. ಮತ್ತೆ ಮೊದಲಿನಿಂದ ಓದಿದಳು. ಅದೇ ಬಂತು. ಕಟ್ಟೆಯ ಮೇಲಿನವರು ನಕ್ಕರು.

"ಅಕ್ಷರ ಕಲ್ತು ಕುರಿ ಕೊಂದ್ಲು" ಎಂದ ಒಬ್ಬ.

"ಇನ್ನೊಂದೀಟು ಕಲ್ತಿದ್ರ ಎಮ್ಮೀನೂ ಸಾಯ್ತಿದ್ವು" ಎಂದ ಇನ್ನೊಬ್ಬ.

ದೇವಮ್ಮ ಅವರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. "ತಮ್ಮಾ, ಬರದಾಂವ ನೀನು. ನೀ ಹೇಳು. ಅವತ್ತ ಗೊಟ್ಟ ಅಂತ ಇತ್ತೋ ಇಲ್ಲೋ?"

"ಮೊದಲಿಂದ ಹಿಂಗಽ ಐತೆಕ್ಕಾ" ಎಂದೆ.

ಅಷ್ಟೇ. ಮೂರು ಮಾತು. ಅವಳು ಹಾಳೆಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಎದ್ದುಹೋದಳು. ಮರುದಿನದಿಂದ ತರಗತಿಗೆ ಬರಲಿಲ್ಲ. ಅವಳ ಹಿಂದೆ ಉಳಿದವರೂ ಬಿಟ್ಟರು. ಅವಳು ಬಸ್ಸಿನ ಬೋರ್ಡು ಓದುವುದನ್ನೂ ಬಿಟ್ಟಳೆಂದು, ಮಸ್ಕಿಯ ಬಸ್ಸು ಯಾವುದೆಂದು ಶಾಲೆಯ ಮಕ್ಕಳನ್ನು ಕೇಳುತ್ತಾಳೆಂದು ಆಮೇಲೆ ಕೇಳಿದೆ. ಕುರಿ ಸತ್ತದ್ದು ನನ್ನ ಕೈತಪ್ಪಿನಿಂದ. ಆದರೆ ತನ್ನ ಕಣ್ಣನ್ನು ತಾನೇ ನಂಬದ ಹಾಗೆ ಅವಳನ್ನು ಮಾಡಿದ್ದು ಕೈತಪ್ಪಲ್ಲ. ಅದನ್ನು ನಾನು ತಿಳಿದೇ ಮಾಡಿದೆ.

ಕೆಲಸ ಮುಂದುವರಿಯಿತು. ಸಂಸ್ಥೆ ಕೆಲವು ವರ್ಷಕ್ಕೆ ಮುಚ್ಚಿತು, ಸೈಟೂ ಸತ್ತಿತು. ಹೊಸ ಫಾಂಟುಗಳು ಬಂದು ಎಲ್ಲ ಯಂತ್ರದಲ್ಲೂ ಕನ್ನಡ ಕಾಣತೊಡಗಿತು. ನಾನು ಮಸ್ಕಿಯಲ್ಲಿ ಅಂಗಡಿ ಹಾಕಿದೆ. ನನ್ನ ಅಂಗಡಿಯಲ್ಲಿ ಒಂದು ನಿಯಮವಿತ್ತು: ಯಾವ ಫೈಲು ತಿದ್ದಿದರೂ ತಿದ್ದುವ ಮೊದಲಿನದನ್ನು ಬೇರೆ ಇಡಬೇಕು. ಯಾಕೆಂದು ಕೇಳಿದವರಿಗೆ ಏನೋ ಒಂದು ಹೇಳುತ್ತಿದ್ದೆ. ಕಣ್ಣು ಮಂಜಾದ ಮೇಲೆ ಅಂಗಡಿಯನ್ನು ಅಕ್ಕನ ಮಗನಿಗೆ ಬಿಟ್ಟು ಮನೆ ಹಿಡಿದೆ.

ಹೋದ ವರ್ಷ ಒಬ್ಬ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ಹೆಸರು ರೇಣುಕಾ, ಪಶು ಆಸ್ಪತ್ರೆಯಲ್ಲಿ ಕೆಲಸ, ಸಂತೆಕಲ್ಲೂರಿನ ದೇವಮ್ಮನ ಮೊಮ್ಮಗಳು. ಚಹಾ ಕುಡಿಯಲು ಹೇಳಿದೆ. ಅವಳು ಲೋಟ ಪಕ್ಕಕ್ಕಿಟ್ಟು ಚೀಲದಿಂದ ಮೂರು ಹಾಳೆ ತೆಗೆದಳು.

"ಅಜ್ಜಾರ, ಇದು ನಮ್ಮಜ್ಜಿ ಟ್ರಂಕಿನಾಗ ಇತ್ತು."

ಕಟ್ಟೆಯಲ್ಲಿ ಮಡಚಿಟ್ಟುಕೊಂಡ ಹಾಳೆ. ಅಡಿಯಲ್ಲಿ ನನ್ನ ಜಂಬದ ವಿಳಾಸ ಇನ್ನೂ ಸ್ಪಷ್ಟವಾಗಿತ್ತು.

"ಈ ವಿಳಾಸ ನೆಟ್ಟಿನಾಗ ಹಾಕಿದ್ರ ಏನೂ ಬರಂಗಿಲ್ಲ ರೀ. ಆದ್ರ ಹಳೇ ಸೈಟೆಲ್ಲ ನಕಲು ಮಾಡಿ ಇಟ್ಟಿರೋ ಒಂದು ಸಂಗ್ರಹ ಐತಿ. ಸತ್ತ ಸೈಟೂ ಅಲ್ಲಿ ಸಿಗ್ತಾವು. ಅದರಾಗ ಈ ಪುಟದ್ದು ಎರಡು ನಕಲು ಅದಾವು. ಒಂದು ಅಜ್ಜಿ ಕುರಿ ಸಾಯೋಕಿಂತ ಮೊದಲಿಂದು, ಒಂದು ಆಮ್ಯಾಲಿಂದು. ತಾರೀಖು ಹಾಕ್ಯಾರ. ಎರಡೂ ಓದಾಕ ಬರವಲ್ಲವು. ಫಾಂಟು ಯಾರ ಹತ್ರನೂ ಇಲ್ಲಂತ."

ಉಳಿದೆರಡು ಹಾಳೆಗಳನ್ನು ಮುಂದಿಟ್ಟಳು. ಕೋಳಿ ಕೆದರಿದ ಅಕ್ಷರ.

"ನಂಗ ಓದಾಕ ಬರಂಗಿಲ್ಲ, ಆದ್ರ ಕೂಡಿಸಿ ನೋಡಾಕ ಬರ್ತೈತಿ" ಎಂದು ಬೆರಳಿಟ್ಟು ತೋರಿಸಿದಳು. "ಎಲ್ಲಾ ಸಾಲೂ ಒಂದ. ಈ ಒಂದು ಸಾಲು ಮಾತ್ರ ಬ್ಯಾರೆ. ಇದೇನಂತ ಓದಿ ಹೇಳ್ರಿ. ನೀವ ಹೊಡದಿದ್ದಂತ ಅಜ್ಜಿ ಹೇಳ್ತಾಳ."

ಒಂದೇ ನೋಟಕ್ಕೆ ಓದಿದ್ದೆ. "ಒಂದು ಗೊಟ್ಟ ತುಂಬ, ಎರಡು ಹೊತ್ತು." ಆದರೂ ಬಾಯಿಂದ ಬಂದದ್ದು ಬೇರೆ. "ಕಣ್ಣು ಮಂಜಾಗ್ಯಾವವ್ವಾ. ಎರಡು ದಿನ ಬಿಟ್ಟು ಹೇಳ್ತೀನಿ."

ಅವಳು ನನ್ನನ್ನೇ ನೋಡಿದಳು. "ಆಗ್ಲಿ ರೀ. ಅಜ್ಜಿ ಇಪ್ಪತ್ತೈದು ವರ್ಷ ಕಾದಾಳ. ಎರಡು ದಿನ ದೊಡ್ಡದಲ್ಲ."

ಮರುದಿನ ಅಂಗಡಿಗೆ ಹೋಗಿ ಅಕ್ಕನ ಮಗನನ್ನು ಕುರ್ಚಿಯಿಂದ ಎಬ್ಬಿಸಿ ಆ ಸಂಗ್ರಹವನ್ನು ನಾನೇ ತೆರೆದೆ. ವಿಳಾಸ ಹೊಡೆದರೆ ತಾರೀಖುಗಳ ಪಟ್ಟಿ ಬಂತು. ಒಂದನ್ನು ಒತ್ತಿದೆ. ನನ್ನ ಹಸಿರು ಹಿನ್ನೆಲೆ ಹಾಗೆಯೇ ಎದ್ದುಬಂತು. ಫೋಟೋಗಳ ಜಾಗದಲ್ಲಿ ಖಾಲಿ ಚೌಕ. ಸೈಟಿಗೆ ಬಂದವರ ಎಣಿಕೆಯ ಡಬ್ಬಿ ಒಂದು ಸಂಖ್ಯೆಗೆ ನಿಂತುಹೋಗಿತ್ತು. ಒಂದರಿಂದ ಒಂದಕ್ಕೆ ಒತ್ತುತ್ತ ಹೋದೆ. ಸಂಘದ ಪುಟ, ತರಗತಿಯ ಪುಟ, ಎಮ್ಮೆಯ ಪುಟ, ಕುರಿಯ ಪುಟ. ಯಾರೋ ಎಲ್ಲಿಯೋ ಕೂತು, ನಮ್ಮ ಲಿಂಗಸುಗೂರಿನ ಪುಟವನ್ನೂ ಬಿಡದೆ ಎತ್ತಿಟ್ಟಿದ್ದರು. ನಾನು ಬಿಡಿಸಿಹಾಕಿದ್ದೆ ಎಂದುಕೊಂಡ ಮೊಳೆ ಒಂದೂ ಚದುರದೆ ಕಟ್ಟಿದ ಹಾಗೆಯೇ ನಿಂತಿತ್ತು.

ಅಲ್ಲಿ ಕೂತಾಗ ಇನ್ನೊಂದು ವಿಚಾರವೂ ಬಂತು. ಬಚ್ಚಿಡುವುದು ಬೇಡ. ಇದನ್ನು ಓದಬಲ್ಲವನು ಈಗ ನಾನೊಬ್ಬನೇ. "ಅದು ಫಾಂಟಿನ ದೋಷವ್ವಾ, ಎರಡರಾಗೂ ಅಂಗೈ ಕುಳಿ ಅಂತಽ ಐತಿ" ಎಂದರೆ ರೇಣುಕಾ ಏನು ಮಾಡಬಲ್ಲಳು? ಆ ಹುಡುಗಿ ನನ್ನನ್ನು ಹುಡುಕಿ ಬಂದದ್ದೇ ನಾನು ಓದಬಲ್ಲೆ ಎಂದು. ಓದು ಬರುತ್ತಿದ್ದ ದೇವಮ್ಮನನ್ನು ಓದು ಬಾರದವಳೆಂದು ಕಟ್ಟೆಯ ಮೇಲೆ ನಿಲ್ಲಿಸಿದವನು, ಈಗ ಓದು ಬಂದೂ ಬಾರದವನಾಗಿ ಕೂತಿದ್ದೆ. ಇನ್ನೊಮ್ಮೆ ಆ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ. ಅಕ್ಕನ ಮಗನಿಗೆ ದೊಡ್ಡ ಹಾಳೆ ಹಾಕಲು ಹೇಳಿ, ಮೊದಲಿನ ಪುಟವನ್ನು ಇವತ್ತಿನ ಅಕ್ಷರದಲ್ಲಿ ಒಂದು ಸಾಲೂ ಬಿಡದೆ ನಾನೇ ಹೊಡೆದೆ. ಬೇರಿನ ಹೆಸರಿದ್ದಲ್ಲಿ ಮಾತ್ರ ಗೆರೆ ಎಳೆದೆ. ಕೊನೆಗೆ ಎರಡು ಸಾಲು ಹೊಸದಾಗಿ ಸೇರಿಸಿದೆ.

ಶೇರ್ ಆಟೋದಲ್ಲಿ ಸಂತೆಕಲ್ಲೂರಿಗೆ ಹೋದೆ. ದೇವಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಿಂತುಕೊಂಡೇ ಹೇಳಿದೆ.

"ಅಕ್ಕಾ, ಅವತ್ತ ಗೊಟ್ಟ ಅಂತಽ ಇತ್ತು. ನೀ ಖರೇನ ಓದಿದ್ದಿ. ಆಮ್ಯಾಲೆ ನಾನಽ ತಿದ್ದಿ, ಹಾಳಿ ಬದಲಿ ಮಾಡಿ, ಕಟ್ಟಿ ಮ್ಯಾಲ ಸುಳ್ಳು ಹೇಳೀನಿ."

ಅವಳು ಮೊರ ಕೆಳಗಿಡಲಿಲ್ಲ. ಎರಡು ಸಲ ಕೇರಿದಳು, ಹೊಟ್ಟು ಹಾರಿತು.

"ಇದನ್ನ ನನಗ್ಯಾಕ ಹೇಳ್ತಿ? ನನಗ ಮೊದಲಽ ಗೊತ್ತಿತ್ತು" ಎಂದಳು. "ಗೊತ್ತಿದ್ದದ್ದನ್ನ ಹೌದೋ ಅಲ್ಲೋ ಅಂತ ಇಷ್ಟು ವರ್ಷ ನೂರು ಸಲ ನನಗ ನಾನಽ ಕೇಳಿಕೊಂಡೀನಿ, ಅದು ನಿನಗ ಗೊತ್ತಿಲ್ಲ. ಗಿರಣಿಗೆ ಹೋಗು. ಅಲ್ಲಿ ಹೇಳು."

ಖಾದರ್ ಸಾಹೇಬರೇ ಮಾತಾಡಿದ ಹಾಗಾಯಿತು.

ಗಿರಣಿ ಅದೇ ಜಾಗದಲ್ಲಿತ್ತು. ಹಳೆಯವನ ಮಗ ನಡೆಸುತ್ತಿದ್ದ. ಅವನನ್ನು ಕೇಳಿ, ಗೋಡೆಗೆ ಹಾಳೆ ಅಂಟಿಸಿ ಪಕ್ಕದಲ್ಲಿ ನಿಂತೆ. ಜೋಳದ ಡಬ್ಬಿ ಹಿಡಿದು ಬಂದ ಒಬ್ಬೊಬ್ಬರಿಗೂ ಹೇಳಿದೆ: ಇಂಥ ಹಾಳೆ, ಇಂಥ ತಪ್ಪು, ತಪ್ಪು ನನ್ನದು, ದೇವಮ್ಮ ಸರಿಯಾಗಿ ಓದಿದ್ದಳು. ಹರೆಯದ ಹುಡುಗಿಯರಿಗೆ ಅದು ಯಾವ ಕಾಲದ ಕಥೆಯೋ. ಆದರೆ ಮುದುಕರು ನಿಂತರು. ಕಟ್ಟೆಯ ಮೇಲೆ ಆವತ್ತು ನಕ್ಕವರಲ್ಲಿ ಒಬ್ಬ, ಕೋಲು ಊರಿಕೊಂಡು ಬಂದವನು, ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಲ್ಲಲೇ, ಸಾಯೋ ಕಾಲಕ್ಕ ಹೇಳಾಕ ಬಂದೀಯಲ್ಲ, ಆವಾಗ ಏನು ನಾಲಿಗಿ ಬಿದ್ದಿತ್ತಾ ನಿಂದು?"

"ಬಿದ್ದಿತ್ತು ನೋಡ್ರಿ" ಎಂದೆ.

ಬಿಸಿಲು ಏರಿದ ಮೇಲೆ ದೇವಮ್ಮ ಬಂದಳು. ಕಂಕುಳಲ್ಲಿ ಜೋಳದ ಡಬ್ಬಿ, ಹಿಂದೆ ರೇಣುಕಾ. ಸರದಿಯಲ್ಲಿ ಡಬ್ಬಿ ಇಟ್ಟು ಗೋಡೆಯ ಹತ್ತಿರ ಹೋದಳು. ರೇಣುಕಾ, "ನಾ ಓದ್ತೀನಿ ಬೇ" ಎಂದಳು. ದೇವಮ್ಮ ಕೈ ಅಡ್ಡ ಹಿಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಹಾಳೆಯ ಮೇಲೆ ಬೆರಳಿಟ್ಟಳು. ಗಿರಣಿಯವನು ಯಂತ್ರ ನಿಲ್ಲಿಸಿದ.

ಮೊದಲ ಸಾಲಿಗೆ ಬಹಳ ಹೊತ್ತು ಹಿಡಿಯಿತು. ಇಪ್ಪತ್ತೈದು ವರ್ಷ ಮುಟ್ಟದ ಅಕ್ಷರಗಳು ಒಂದೊಂದಾಗಿ ಬಂದವು. ಎರಡನೆಯದು ಸ್ವಲ್ಪ ಬೇಗ. ಅಳತೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

"ಒಂ-ದು... ಗೊ-ಟ್ಟ... ತುಂ-ಬ."

ಅವಳು ತಿರುಗಿ ಸರದಿಯಲ್ಲಿದ್ದವರನ್ನು ನೋಡಿದಳು. ಯಾರೂ ನಗಲಿಲ್ಲ. "ಕೇಳಿದ್ರೇನು?" ಎಂದಳು. ಕೋಲಿನ ಮುದುಕ ತಲೆ ತಗ್ಗಿಸಿ, "ಕೇಳ್ತು ದೇವವ್ವ" ಎಂದ.

ಅಲ್ಲಿಗೆ ಬಿಡುತ್ತಾಳೆ ಎಂದುಕೊಂಡೆ. ಬಿಡಲಿಲ್ಲ. ಬೆರಳು ಕೆಳಗೆ ಸರಿಯಿತು. ನಾನು ಹೊಸದಾಗಿ ಸೇರಿಸಿದ ಎರಡು ಸಾಲುಗಳನ್ನು, ಕಣ್ಣು ಹತ್ತಿರ ತಂದು, ಯಾರ ಸಹಾಯವೂ ಇಲ್ಲದೆ ಓದಿದಳು.

"ದೇವಮ್ಮ ಸರಿಯಾಗಿ ಓದಿದ್ದಳು. ತಪ್ಪು ಬರೆದವನು, ಮುಚ್ಚಿದವನು ಮಲ್ಲಪ್ಪ, ಮಸ್ಕಿ."

ನನ್ನ ಹೆಸರಿನ ಹತ್ತಿರ ಅವಳಿಗೆ ಅನುಮಾನ ಬಂತೋ ಏನೋ, ಆ ಸಾಲನ್ನು ಮತ್ತೊಮ್ಮೆ ಓದಿದಳು. ಎರಡನೆಯ ಸಲ ತಡವರಿಸಲಿಲ್ಲ.